ಮಾರಿಸ್ ಮೈನರ್ ಟ್ಯಾಂಕ್ ಸೋರುತ್ತಿದೆ: ಬೆಸುಗೆ ಸಾಕೇ, ಹೊಸದು ಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ 1958ರ ಮಾರಿಸ್ ಮೈನರ್ 1000 ಇದೆ, ಅಜ್ಜನ ಕಾಲದ್ದು. ಮಂಗಳೂರಿನಲ್ಲಿ ಮನೆ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸುತ್ತೇವೆ, ತಿಂಗಳಿಗೆ ಎರಡು ಮೂರು ಸಲ ಓಡಿಸುತ್ತೇವೆ. ಈ ಮಳೆಗಾಲ ಕಳೆದ ಮೇಲೆ ಡಿಕ್ಕಿ ತೆರೆದರೆ ಪೆಟ್ರೋಲ್ ವಾಸನೆ. ಟ್ಯಾಂಕ್ ತುಂಬಿಸಿದ ಮರುದಿನ ನೆಲದ ಮೇಲೆ ಅಂಗೈ ಅಗಲದ ಕಲೆ ಕಾಣುತ್ತದೆ. ಒಬ್ಬ ಮೆಕ್ಯಾನಿಕ್ ಎಂ-ಸೀಲ್ ಹಚ್ಚಿದರೆ ಸಾಕು ಎಂದರು. ಇನ್ನೊಬ್ಬರು ಟ್ಯಾಂಕ್ ಕಳಚಿ ತನ್ನಿ, ವೆಲ್ಡ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಯಾವುದು ಸರಿ? ಟ್ಯಾಂಕನ್ನು ನಾವೇ ಬದಲಿಸಬಹುದೇ?

ಉತ್ತರ: ಮೊದಲು ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿ. ಸ್ಟಾರ್ಟ್ ಮಾಡಬೇಡಿ, ಕೈಯಿಂದಲೇ ತಳ್ಳಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಚದುರಿ ಹೋಗುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಸ್ವಿಚ್ ಒತ್ತಿದಾಗ ಹಾರುವ ಕಿಡಿ, ಪಕ್ಕದ ಬಚ್ಚಲಿನ ಗ್ಯಾಸ್ ಗೀಸರ್, ಒಲೆ ಯಾವುದೂ ಬೆಂಕಿಗೆ ಸಾಕು. ಟ್ಯಾಂಕ್ ಸರಿಯಾಗುವ ತನಕ ಕಾರು ಬಯಲಿನಲ್ಲೇ ಇರಲಿ.

ಇನ್ನು ನಿಮ್ಮ ಪ್ರಶ್ನೆ. ಸೋರುತ್ತಿರುವುದು ಟ್ಯಾಂಕಿನ ತಗಡೇ ಎಂದು ಇನ್ನೂ ಗೊತ್ತಾಗಿಲ್ಲ. ತುಂಬಿಸಿದ ಮರುದಿನ ಮಾತ್ರ ಕಲೆ ಬೀಳುತ್ತದೆ, ಅರ್ಧ ಇಳಿದ ಮೇಲೆ ಇಲ್ಲ ಎಂದಾದರೆ ತೂತು ಟ್ಯಾಂಕಿನ ಮೇಲ್ಭಾಗದಲ್ಲಿದೆ. ಅಲ್ಲಿ ಅನುಮಾನಿಸಬೇಕಾದ ಜಾಗಗಳು ಮೂರು: ಪೆಟ್ರೋಲ್ ಹಾಕುವ ಕತ್ತಿನ ರಬ್ಬರ್, ಗೇಜಿಗೆ ಸುದ್ದಿ ಕೊಡುವ ಫ್ಲೋಟ್ ಯೂನಿಟ್ಟಿನ ಪ್ಯಾಕಿಂಗ್, ಮತ್ತು ಡಿಕ್ಕಿಯ ತಳಕ್ಕೆ ಟ್ಯಾಂಕ್ ಕೂರುವ ಅಂಚಿನ ಸುತ್ತಲಿನ ತುಕ್ಕು. ಮೊದಲ ಎರಡಕ್ಕೆ ಕೆಲವು ನೂರು ರೂಪಾಯಿಯ ರಬ್ಬರ್ ಸಾಕು. ಮೂರನೆಯದಾದರೆ ಟ್ಯಾಂಕ್ ಬದಲಿಸಬೇಕು. ಟ್ಯಾಂಕಿನಲ್ಲಿ ಎಷ್ಟೇ ಪೆಟ್ರೋಲ್ ಇದ್ದರೂ ಸೋರುವುದು ನಿಲ್ಲದಿದ್ದರೆ ತಳದ ಡ್ರೈನ್ ಪ್ಲಗ್ಗಿನ ವಾಷರ್, ಪೈಪಿನ ಯೂನಿಯನ್ (ಪೈಪ್ ಕೂಡುವ ನಟ್) ಅಥವಾ ತಳದ ತಗಡು ನೋಡಿ.

ಪತ್ತೆಗೆ ಸೀಮೆಸುಣ್ಣವೇ ಒಳ್ಳೆಯ ಸಾಧನ. ಟ್ಯಾಂಕಿನ ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ. ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಅಂಚು, ಬೆಸುಗೆ ಸಾಲು, ಪ್ಲಗ್ಗಿನ ಸುತ್ತ ತೆಳ್ಳಗೆ ಬಳಿದು ಒಣಗಲು ಬಿಡಿ. ಒಂದೆರಡು ಗಂಟೆಯಲ್ಲಿ ಪೆಟ್ರೋಲ್ ಜಿನುಗುವ ಕಡೆ ಬಿಳಿ ಕಪ್ಪಾಗಿ ಒದ್ದೆಯಾಗುತ್ತದೆ. ಹನಿ ಬೀಳುವ ಜಾಗ ನಂಬಬೇಡಿ. ಪೆಟ್ರೋಲ್ ತಗಡಿನ ಅಂಚು ಹಿಡಿದು ಒಂದಡಿ ದೂರ ಓಡಿ ಅತ್ಯಂತ ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಡ್ರೈನ್ ಪ್ಲಗ್ ಸೋರುತ್ತಿದೆ ಎಂದು ಬಿಗಿದು ಬಿಗಿದು ಅದರ ತಿರುಪಿನ ಎಳೆ ಕೆಡಿಸಿದ ಟ್ಯಾಂಕುಗಳಿವೆ, ಸೋರಿಕೆ ಮಾತ್ರ ಮೇಲಿನ ಅಂಚಿನಲ್ಲೇ ಇರುತ್ತದೆ.

ಮೈನರ್ ಟ್ಯಾಂಕ್ ಮೇಲಿನಿಂದ ತುಕ್ಕು ಹಿಡಿಯಲು ಕಾರಣವಿದೆ. ಡಿಕ್ಕಿಯ ತಳಕ್ಕೆ ಟ್ಯಾಂಕಿನ ಅಂಚನ್ನು ಸುತ್ತಲೂ ಸ್ಕ್ರೂಗಳಿಂದ ಬಿಗಿದಿರುತ್ತಾರೆ, ನಡುವೆ ಸೀಲ್ ಪಟ್ಟಿ ಇರುತ್ತದೆ. ಡಿಕ್ಕಿ ಬಾಗಿಲಿನ ರಬ್ಬರ್ ಒಣಗಿ ಸೀಳಿದಾಗ ಮಳೆನೀರು ಒಳಗಿಳಿದು ಆ ಪಟ್ಟಿಯಲ್ಲಿ ನಿಲ್ಲುತ್ತದೆ. ಹಳೆಯ ಪಟ್ಟಿ ನೀರನ್ನು ಹೀರಿ ವಾರಗಟ್ಟಲೆ ಇಟ್ಟುಕೊಳ್ಳುತ್ತದೆ. ಕರಾವಳಿಯ ಉಪ್ಪು ಗಾಳಿಯೂ ಸೇರಿದರೆ ಪೇಂಟಿನ ಕೆಳಗೆ ತಗಡು ಕಾಗದದಂತಾಗುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗಿನ ತುಕ್ಕಿನ ಕಥೆ ಬೇರೆ. 2023ರಿಂದ ಬಂಕುಗಳಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಬರತೊಡಗಿತು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಹೆಚ್ಚು ನೀರು ಸೇರಿದಾಗ ನೀರೂ ಎಥೆನಾಲೂ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ತಿಂಗಳಿಗೆ ಎರಡು ಸಲ ಓಡುವ ಕಾರಿನಲ್ಲಿ ಆ ಪದರ ತಳದ ತಗಡನ್ನು ತಿನ್ನುತ್ತಲೇ ಇರುತ್ತದೆ. ಹಳೆಯ ಕಾರ್ಕ್ ಪ್ಯಾಕಿಂಗ್, ಹಳೆಯ ರಬ್ಬರ್ ಹೋಸ್‌ಗಳನ್ನೂ ಎಥೆನಾಲ್ ಮೆತ್ತಗೆ ಮಾಡುತ್ತದೆ. ಅರವತ್ತು ವರ್ಷ ಒಳಗೆ ಗಟ್ಟಿಯಾಗಿ ಅಂಟಿದ್ದ ಜಿಡ್ಡನ್ನೂ ಕಿತ್ತು ಹಾಕುತ್ತದೆ. ತುಕ್ಕಿನ ತೂತನ್ನು ಆ ಜಿಡ್ಡೇ ಮುಚ್ಚಿದ್ದರೆ ಸೋರಿಕೆ ಹಠಾತ್ತನೆ ಶುರುವಾಗುತ್ತದೆ.

ಎಂ-ಸೀಲ್ ವಿಚಾರ. ದಾರಿಯಲ್ಲಿ ಸಿಕ್ಕಿಬಿದ್ದಾಗ ಗಾಡಿ ಮನೆ ಸೇರಲು ಸೂಜಿತೂತಿಗೆ ಒಣ ಬಟ್ಟೆಸೋಪನ್ನೇ ಉಜ್ಜಿ ತುಂಬಬಹುದು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ಒಂದು ದಿನ ತಡೆಯುತ್ತದೆ. ಎಂ-ಸೀಲ್‌ನಂಥ ಎಪಾಕ್ಸಿ ಕಣಕವಾದರೆ ಇನ್ನಷ್ಟು ದಿನ. ಆದರೆ ಪೆಟ್ರೋಲ್ ತಗುಲಿದ, ತುಕ್ಕು ಹಿಡಿದ ತಗಡಿಗೆ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ. ಗಾಡಿಯ ಅದುರು, ಬಿಸಿಲಿಗೆ ಹಿಗ್ಗುವುದು, ರಾತ್ರಿ ಕುಗ್ಗುವುದು ಎಲ್ಲ ಸೇರಿ ಅಂಚು ಬಿಡಿಸುತ್ತವೆ. ಒಂದು ತೂತು ಕಂಡಿದ್ದರೆ ಅದರ ಸುತ್ತ ನಾಳೆ ತೂತಾಗಲಿರುವ ಹತ್ತು ಜಾಗಗಳಿರುತ್ತವೆ. ಅಂಟು ಹಚ್ಚಿ ಮರೆತುಬಿಡುವುದೇ ಇದರ ದೊಡ್ಡ ಅಪಾಯ.

ವೆಲ್ಡಿಂಗ್ ಬೇಡ ಎಂದು ಖಚಿತವಾಗಿ ಹೇಳುತ್ತೇವೆ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ 7.6ರಷ್ಟಿದ್ದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿ ಇರುತ್ತದೆ, ಸಿಡಿಯಲು ಬೇಕಾದಷ್ಟು ಗಾಳಿ ಇರುವುದಿಲ್ಲ. ಬರಿದು ಮಾಡಿ, ಒಂದು ದಿನ ಬಿಸಿಲಿಗಿಟ್ಟು, ಒಂದು ಸಲ ನೀರಿನಲ್ಲಿ ಜಾಲಿಸಿದ ಟ್ಯಾಂಕಿನಲ್ಲಿ ಮಾತ್ರ ಆವಿ ಈ ಅಳತೆಗೆ ಬಂದು ನಿಲ್ಲಬಹುದು. ತುಕ್ಕಿನ ಪದರದ ಸಂದಿಯಲ್ಲಿ, ಮಡಚಿದ ಅಂಚಿನಲ್ಲಿ ಅಡಗಿದ ಎರಡು ಚಮಚ ಪೆಟ್ರೋಲ್ ಬಿಸಿಯಾದೊಡನೆ ಮತ್ತೆ ಆವಿಯಾಗುತ್ತದೆ. ತಿಳಿದವರು ಮಾಡುವುದಾದರೆ ಗಂಟೆಗಟ್ಟಲೆ ಹಬೆ ಹಾಯಿಸಿ, ನೀರು ತುಂಬಿಸಿ ಕೆಲಸದ ಜಾಗವಷ್ಟೇ ಖಾಲಿ ಬಿಟ್ಟು, ಆರ್ಗಾನ್‌ನಂಥ ಅನಿಲ ಹಾಯಿಸಿ ಮಾಡುತ್ತಾರೆ. ಬೀದಿಬದಿಯ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಇಷ್ಟು ವ್ಯವಸ್ಥೆ ಇರುವುದಿಲ್ಲ. ಅಲ್ಲಿ ಟ್ಯಾಂಕ್ ಹಿಡಿದು ಕೂರುವ ಹುಡುಗನ ಜೀವ ನಿಮ್ಮ ಕಾರಿಗಿಂತ ದೊಡ್ಡದು. ಇಷ್ಟು ಮಾಡಿದರೂ ತೆಳುವಾದ ತಗಡು ಜ್ವಾಲೆಗೆ ಕರಗಿ, ಸೂಜಿತೂತು ರೂಪಾಯಿ ಅಗಲವಾಗುತ್ತದೆ.

ಒಳಗೆ ಸುರಿದು ತಿರುಗಿಸುವ ಟ್ಯಾಂಕ್ ಸೀಲರ್‌ಗಳಿಗೆ ಒಂದು ಜಾಗ ಇದೆ: ತಗಡು ಗಟ್ಟಿಯಿದ್ದು ಬೆಸುಗೆ ಸಾಲು ಮಾತ್ರ ಜಿನುಗುವಾಗ. ಎರಡು ಭಾಗ ಬೆರೆಸುವ, ಎಥೆನಾಲ್ ತಾಳುವ ಎಪಾಕ್ಸಿಯೇ ಆಗಬೇಕು. ಮೊದಲು ಒಳಗಿನ ತುಕ್ಕು ಪೂರ್ತಿ ತೆಗೆಯಬೇಕು. ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ಈ ಟ್ಯಾಂಕಿಗೆ ಒಂದೂವರೆ ಕಿಲೋ. ಒಂದು ದಿನ ನೆನೆಸಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಬೇಕು. ತೇವವೋ ತುಕ್ಕಿನ ಧೂಳೋ ಉಳಿದರೆ ಸೀಲರ್ ಹಾಳೆ ಹಾಳೆಯಾಗಿ ಎದ್ದು ಪೆಟ್ರೋಲ್ ಪೈಪಿಗೆ ಸಿಕ್ಕಿಕೊಳ್ಳುತ್ತದೆ. ತುಕ್ಕು ತಿಂದ ಅಂಚಿಗೆ ಇದು ಮದ್ದಲ್ಲ.

ಹಾಗಾದರೆ ಹೊಸ ಟ್ಯಾಂಕ್ ಎಲ್ಲಿ? ಮೈನರ್ ಮಟ್ಟಿಗೆ ನೀವು ಅದೃಷ್ಟವಂತರು. ಹದಿನಾರು ಲಕ್ಷಕ್ಕೂ ಮೀರಿ ತಯಾರಾದ ಕಾರಿದು. ಹಿಂದೂಸ್ತಾನ್ ಮೋಟಾರ್ಸ್ ಕೂಡ ಇದೇ ಮೈನರನ್ನು ‘ಬೇಬಿ ಹಿಂದೂಸ್ತಾನ್’ ಹೆಸರಿನಲ್ಲಿ ಇಲ್ಲಿ ಮಾರುತ್ತಿತ್ತು. ಇಂಗ್ಲೆಂಡಿನಲ್ಲಿ ಮೈನರ್ ಬಿಡಿಭಾಗವನ್ನಷ್ಟೇ ಮಾರುವವರಿದ್ದಾರೆ, ಅವರಲ್ಲಿ ಹೊಸ ಟ್ಯಾಂಕ್ ಸಿಗುತ್ತದೆ. ಆರ್ಡರ್ ಕೊಡುವ ಮೊದಲು ನಿಮ್ಮದು ಯಾವ ಟ್ಯಾಂಕ್ ಎಂದು ನೋಡಿ. ಹಳೆಯ ಮೈನರ್‌ಗಳಲ್ಲಿ 5 ಗ್ಯಾಲನ್ ಟ್ಯಾಂಕ್ ಇತ್ತು. 1957ರಲ್ಲಿ ಅದು ಆರೂವರೆ ಗ್ಯಾಲನ್ನಿಗೆ, ಅಂದರೆ ಸುಮಾರು 29.5 ಲೀಟರಿಗೆ ಏರಿತು. 1958ರ ಕಾರಿಗೆ ದೊಡ್ಡದೇ ಇರಬೇಕು, ಆದರೆ ಇಷ್ಟು ವರ್ಷದಲ್ಲಿ ಯಾರಾದರೂ ಬದಲಿಸಿರಬಹುದು. ಅಳೆದೇ ಹೇಳಿ. ಟ್ಯಾಂಕಿನ ಜೊತೆಗೆ ಅಂಚಿನ ಸೀಲ್ ಪಟ್ಟಿ, ಸ್ಕ್ರೂ ಸೆಟ್, ಫ್ಲೋಟ್ ಯೂನಿಟ್ಟಿನ ಪ್ಯಾಕಿಂಗ್, ಡ್ರೈನ್ ಪ್ಲಗ್ ವಾಷರ್, ಕತ್ತಿನ ರಬ್ಬರ್ ಎಲ್ಲವನ್ನೂ ಒಟ್ಟಿಗೇ ತರಿಸಿ. ಆಮೇಲೆ ಒಂದು ವಾಷರಿಗಾಗಿ ಮತ್ತೆ ಕಸ್ಟಮ್ಸ್ ಕಟ್ಟುವುದು ನಷ್ಟ.

ಇಲ್ಲೇ ಮಾಡಿಸುವುದಾದರೆ ಹಳೆಯ ಟ್ಯಾಂಕ್ ಅಚ್ಚಾಗಿ ಬೇಕು. ಹೊಸ ತಗಡಿನ ಕೆಲಸವಾದ್ದರಿಂದ ಬೆಂಕಿಯ ಭಯವಿಲ್ಲ. ಮಂಗಳೂರಿನಲ್ಲೇ ಒಳ್ಳೆಯ ಟಿಂಕರ್ ಸಿಗಬಹುದು, ಬೆಂಗಳೂರಿನಲ್ಲಿ ವಾಹನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. 1 ಅಥವಾ 1.2 ಮಿ.ಮೀ. ದಪ್ಪದ ಕೋಲ್ಡ್ ರೋಲ್ಡ್ ಉಕ್ಕಿನ ತಗಡು ಕೇಳಿ. ಜಿಐ ಶೀಟ್ ಬೇಡ, ನೀರು ಸೇರಿದ ಎಥೆನಾಲ್ ಅದರ ಸತುವನ್ನು ತಿಂದು ಬಿಳಿಪುಡಿ ಮಾಡಿ ಕಾರ್ಬುರೇಟರಿಗೆ ತಳ್ಳುತ್ತದೆ. ಟಿಂಕರ್ ಮರೆಯುವ ಸಂಗತಿಗಳು ಇವು: ಪೆಟ್ರೋಲ್ ಕುಲುಕದಂತೆ ಒಳಗಿನ ಅಡ್ಡತಗಡು ಇರಲೇಬೇಕು, ಅದರ ಕೆಳಗೆ ಪೆಟ್ರೋಲ್ ಹರಿಯಲು ಸಂದಿ ಇರಬೇಕು. ಫ್ಲೋಟ್ ಯೂನಿಟ್ಟಿನ ತೂತು ಮೂಲದ ಜಾಗದಲ್ಲೇ, ಮೂಲದ ಎತ್ತರದಲ್ಲೇ ಬರಬೇಕು. ಒಂದು ಇಂಚು ಸರಿದರೂ ಫ್ಲೋಟ್ ಅಡ್ಡತಗಡಿಗೆ ತಾಗಿ ಗೇಜ್ ಅರ್ಧದಲ್ಲಿ ನಿಲ್ಲುತ್ತದೆ. ಪೆಟ್ರೋಲ್ ಎಳೆಯುವ ಕೊಳವೆ ತಳದಿಂದ 10ರಿಂದ 12 ಮಿ.ಮೀ. ಮೇಲಿರಲಿ, ತಳಕ್ಕೆ ತಾಗಿದರೆ ಮೊದಲು ಕುಡಿಯುವುದೇ ನೀರು.

ಹೊಸದಾಗಲಿ ಮಾಡಿಸಿದ್ದಾಗಲಿ, ಕಾರಿಗೆ ಹಾಕುವ ಮೊದಲು ಪರೀಕ್ಷಿಸಿ. ತೂತುಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಸ್ವಲ್ಪವೇ ಗಾಳಿ ಹಾಕಿ ಸೋಪಿನ ನೊರೆ ಹಚ್ಚಿ. ಒತ್ತಡ 1 ಪಿಎಸ್‌ಐ ಮೀರಬಾರದು. ಕಂಪ್ರೆಸರ್ ಹತ್ತಿರ ತರಬೇಡಿ. 30 ಸೆಂ.ಮೀ. ಚೌಕದ ತಗಡಿನ ಮೇಲೆ 1 ಪಿಎಸ್‌ಐ ಎಂದರೇ ಅರವತ್ತು ಕಿಲೋಗೂ ಮೀರಿದ ತಳ್ಳುವಿಕೆ. ಹತ್ತು ಪಿಎಸ್‌ಐ ಬಿಟ್ಟರೆ ಹೊಸ ಟ್ಯಾಂಕ್ ದಿಂಬಿನಂತೆ ಉಬ್ಬುತ್ತದೆ. ನೊರೆ ಪರೀಕ್ಷೆ ಮುಗಿದ ಮೇಲೆ ಹೊರಮೈಗೆ ಸತುವಿನ ಪ್ರೈಮರ್, ಅದರ ಮೇಲೆ ಎರಡು ಕೋಟ್ ಕಪ್ಪು ಚಾಸಿ ಪೇಂಟ್. ಪೇಂಟ್ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಡಿ.

ಈಗ ಬದಲಿಸುವ ಕೆಲಸ. ಕೈ ಕೆಲಸದ ಅಭ್ಯಾಸವಿರುವವರು ಒಬ್ಬ ಜೊತೆಗಾರನೊಂದಿಗೆ ಒಂದು ದಿನದಲ್ಲಿ ಮಾಡಬಹುದು. ಬಯಲು, ಸಮನೆಲ, ಹಗಲು. ಪೆಟ್ರೋಲ್ ಬೆಂಕಿಗೆ ಆಗುವಂಥ ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ವೈರಿನ ತುದಿಯ ಬಲ್ಬ್ ದೀಪ ಬೇಡ, ಮೊಬೈಲ್ ದೂರವಿರಲಿ. ಕಾರನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಕೆಳಗೆ ಮಲಗಬೇಡಿ.

ಟ್ಯಾಂಕನ್ನು ಮುಟ್ಟುವ ಮೊದಲು ಬ್ಯಾಟರಿಯ ಅರ್ಥ್ ಕಳಚಿ. ಇಲ್ಲಿ ಹೊಸ ಕಾರಿನ ಅಭ್ಯಾಸ ಕೈ ಕೊಡುತ್ತದೆ. ಮೈನರ್ ಕಾರ್ಖಾನೆಯಿಂದ ಬಂದದ್ದು ಪಾಸಿಟಿವ್ ಅರ್ಥ್ ಆಗಿ, ಬಾಡಿಗೆ ಸೇರಿರುವುದು ಬ್ಯಾಟರಿಯ ಪ್ಲಸ್ ತುದಿ. ನಮ್ಮಲ್ಲಿ ಎಷ್ಟೋ ಕಾರುಗಳನ್ನು ನಂತರ ನೆಗೆಟಿವ್‌ಗೆ ತಿರುಗಿಸಿದ್ದಾರೆ. ಬಣ್ಣ ನೋಡಬೇಡಿ. ಬಾಡಿಗೆ ಹೋಗಿರುವ ಕೇಬಲ್ ಯಾವುದೆಂದು ನೋಡಿ ಅದನ್ನೇ ಮೊದಲು ಕಳಚಿ. ಇನ್ನೊಂದನ್ನು ಮೊದಲು ಕಳಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಖಂಡಿತ.

ಪೆಟ್ರೋಲ್ ಇಳಿಸಿ. ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ಒಂದೇ ಸುಮಾರು 22 ಕಿಲೋ ತೂಗುತ್ತದೆ, ಅದರ ಸಮೇತ ಕಳಚಲಾಗದು. ಡ್ರೈನ್ ಪ್ಲಗ್ ತೆಗೆದರೆ ಕೈ ಮೇಲೆಲ್ಲ ಹರಿಯುತ್ತದೆ, ಆದ್ದರಿಂದ ಕೈಪಂಪಿನಿಂದ ಬಹುಪಾಲು ಮೇಲಿನಿಂದ ಎಳೆದು, ಉಳಿದದ್ದನ್ನು ಪ್ಲಗ್ಗಿನಿಂದ ಇಳಿಸಿ. ಬಾಯಿಂದ ಹೀರುವ ಅಭ್ಯಾಸ ಬಿಡಿ, ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಮುಚ್ಚಳವಿರುವ ಕಬ್ಬಿಣದ ಕ್ಯಾನಿನಲ್ಲೇ ಹಿಡಿಯಿರಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹರಿಯುವ ಪೆಟ್ರೋಲ್ ಸ್ಥಿರ ವಿದ್ಯುತ್ ಕೂಡಿಹಾಕುತ್ತದೆ. ಕ್ಯಾನಿಗೂ ಟ್ಯಾಂಕಿಗೂ ಒಂದು ತಾಮ್ರದ ತಂತಿ ಕಟ್ಟಿದರೆ ಇನ್ನೂ ಒಳ್ಳೆಯದು. ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಕಾನೂನಿನ ಮಿತಿ 30 ಲೀಟರ್. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ಕೆಲಸ ಹಿಡಿದರೆ ಆ ಚಿಂತೆಯೂ ಇಲ್ಲ.

ಡಿಕ್ಕಿ ಖಾಲಿ ಮಾಡಿ, ಫ್ಲೋಟ್ ಯೂನಿಟ್ಟಿನ ವೈರ್ ಬಿಡಿಸಿ ಗುರುತು ಕಟ್ಟಿ. ಕತ್ತಿನ ಕ್ಲಿಪ್ ಸಡಿಲಿಸಿ. ರಬ್ಬರ್ ಅಂಟಿದ್ದರೆ ಎಳೆದಾಡಬೇಡಿ, ಹೇಗೂ ಹೊಸದು ಹಾಕುವಿರಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಪೈಪಿನ ಯೂನಿಯನ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದರಲ್ಲೇ ತಿರುಗಿಸಿದರೆ ಪೈಪ್ ಹಗ್ಗದಂತೆ ಹೊಸೆದು ಸೀಳುತ್ತದೆ, ಆಗ ಕಾರಿನುದ್ದದ ಪೈಪ್ ಹೊಸದು ಬೇಕು. ಈ ಕಾರಿನದು ಇಂಚಿನ ಲೆಕ್ಕ. ಕಾಲಿಂಚಿನ ಯುಎನ್‌ಎಫ್ (ಸಣ್ಣ ಎಳೆಯ) ಬೋಲ್ಟಿಗೆ 7/16 ಇಂಚಿನ ಸ್ಪ್ಯಾನರ್ ಹಿಡಿಯುತ್ತದೆ. 11 ಮಿ.ಮೀ. ಕೂಡ ಕೂರುತ್ತದೆ, ಆದರೆ 12 ತುರುಕಿದರೆ ತುಕ್ಕು ಹಿಡಿದ ತಲೆಯ ಮೂಲೆ ಉರುಟಾಗುತ್ತದೆ.

ಅಂಚಿನ ಸ್ಕ್ರೂಗಳೇ ಈ ಕೆಲಸದ ನಿಜವಾದ ಕಷ್ಟ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸಂಜೆ ಇನ್ನೊಮ್ಮೆ ಬಿಡಿ. ತಿರುಗಿಸುವಾಗ ಒಂದೆಳೆ ಸಡಿಲ, ಅರ್ಧ ಎಳೆ ವಾಪಸ್, ಹೀಗೆ ಆಡಿಸಿ. ಮುರಿದರೆ ಡ್ರಿಲ್ ತೆಗೆಯಬೇಡಿ, ಗ್ರೈಂಡರ್ ಅಂತೂ ಬೇಡವೇ ಬೇಡ. ಟ್ಯಾಂಕ್ ದೂರ ಹೋಗಿ, ಆವಿ ಚದುರಿದ ಮೇಲೆ ಮುರಿದ ತುಂಡನ್ನು ನೋಡಿಕೊಳ್ಳಬಹುದು. ಎದುರುಬದುರಿನ ನಾಲ್ಕು ಸ್ಕ್ರೂ ಕೊನೆಗೆ ಬಿಟ್ಟು, ಜೊತೆಗಾರ ಟ್ಯಾಂಕನ್ನು ಹಿಡಿದಾಗ ಅವನ್ನು ತೆಗೆದು ಮೆಲ್ಲನೆ ಹೊರತೆಗೆಯಿರಿ. ಟ್ಯಾಂಕನ್ನು ಮನೆಯಿಂದ ದೂರ ಇಟ್ಟು ನೀರು ತುಂಬಿಸಿ.

ಟ್ಯಾಂಕ್ ಹೋದ ಜಾಗದಲ್ಲಿ ಡಿಕ್ಕಿಯ ತಳ ಹೇಗಿದೆ ನೋಡಿ. ಟ್ಯಾಂಕಿನ ಅಂಚು ತುಕ್ಕಾಗಿದ್ದರೆ ಅದಕ್ಕೆ ಒರಗಿದ ತಗಡೂ ತುಕ್ಕಾಗಿರುತ್ತದೆ. ತಂತಿ ಬ್ರಷ್‌ನಿಂದ ಕೈಯಲ್ಲೇ ಉಜ್ಜಿ, ಪ್ರೈಮರ್, ಪೇಂಟ್ ಮುಗಿಸಿ. ಈ ಕೆಲಸವನ್ನು ಬಿಟ್ಟು ಹೊಸ ಟ್ಯಾಂಕ್ ಬಿಗಿದರೆ ಕೆಲವೇ ಮಳೆಗಾಲದಲ್ಲಿ ಮತ್ತೆ ಇದೇ ಪ್ರಶ್ನೆ. ಡಿಕ್ಕಿ ಬಾಗಿಲಿನ ರಬ್ಬರ್ ಬದಲಿಸುವುದೂ ಟ್ಯಾಂಕ್ ಬದಲಿಸುವ ಕೆಲಸದಲ್ಲೇ ಸೇರಿದ್ದು.

ಪೈಪನ್ನೂ ಈಗಲೇ ತೊಳೆಯಿರಿ. ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು ಗೋಡೆಯ (ಬಲ್ಕ್‌ಹೆಡ್) ಮೇಲಿರುವ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪಿನಿಂದ ಪೈಪ್ ಬಿಡಿಸಿ, ಆ ತುದಿಯಿಂದ ಹಿಂದಕ್ಕೆ ಗಾಳಿ ಊದಿ. ಪಂಪಿನ ತಳದ ಹಿತ್ತಾಳೆ ಬಿರಡೆ ಬಿಚ್ಚಿದರೆ ಜಾಲರಿ ಬರುತ್ತದೆ. ಅದರಲ್ಲಿ ಕಂದು ಕೆಸರಿದ್ದರೆ ಹಳೆಯ ಟ್ಯಾಂಕಿನ ತುಕ್ಕು ಅಲ್ಲಿವರೆಗೆ ಬಂದಿದೆ, ಕಾರ್ಬುರೇಟರಿನ ಫ್ಲೋಟ್ ಬಟ್ಟಲೂ ತೆರೆದು ನೋಡಬೇಕು. ರಬ್ಬರ್ ಹೋಸ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಾದ ಹೋಸ್ ಹಾಕಿ. ಅದರ ಒಳಪದರ ಎಥೆನಾಲ್ ತಾಳುತ್ತದೆ. ಅಚ್ಚಿಲ್ಲದ ಕಪ್ಪು ಹೋಸ್ ಎಷ್ಟು ಗಟ್ಟಿಯಾಗಿ ಕಂಡರೂ ಬೇಡ.

ಜೋಡಿಸುವುದು ಕಳಚಿದ್ದರ ತಿರುಗುಮುರುಗು, ಆದರೆ ಮೂರು ಕಡೆ ಜಾಗ್ರತೆ. ಫ್ಲೋಟ್ ಯೂನಿಟ್ಟನ್ನು ಹಾಕುವ ಮುಂಚೆ ಮಲ್ಟಿಮೀಟರ್ ಹಚ್ಚಿ ತೋಳನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ. ಓಮ್ ಅಂಕಿ ನಯವಾಗಿ ಏರಿಳಿಯಬೇಕು, ನಡುವೆ ಕಡಿದರೆ ಒಳಗಿನ ತಂತಿ ಸವೆದಿದೆ. ಫ್ಲೋಟನ್ನು ಕಿವಿ ಬಳಿ ಕುಲುಕಿ, ಒಳಗೆ ಪೆಟ್ರೋಲ್ ಸದ್ದಾದರೆ ಅದು ಮುಳುಗುತ್ತದೆ. ಅದರ ಪ್ಯಾಕಿಂಗಿಗೆ ಮೆಕ್ಯಾನಿಕ್‌ಗಳು ಹಚ್ಚುವ ಸಾಮಾನ್ಯ ಸಿಲಿಕಾನ್ ಬೇಡ, ಪೆಟ್ರೋಲಿನಲ್ಲಿ ಉಬ್ಬಿ ಜೆಲ್ಲಿಯಾಗುತ್ತದೆ. ನೈಟ್ರೈಲ್ ರಬ್ಬರ್ ಪ್ಯಾಕಿಂಗ್ ಒಣದಾಗಿಯೇ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಯೂನಿಯನ್ನಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅಲ್ಲಿ ಸೋರದಂತೆ ತಡೆಯುವುದು ಎಳೆಯಲ್ಲ, ಒಳಗಿನ ಇಳಿಜಾರು ಮುಖ. ಟೇಪಿನ ಚೂರು ಪಂಪಿಗೆ ಹೋಗುವುದಷ್ಟೇ ಲಾಭ.

ಇನ್ನೊಂದು, ಬಹಳ ಜನ ತಲೆ ಕೆಡಿಸಿಕೊಳ್ಳುವುದು: ಹೊಸ ಟ್ಯಾಂಕ್ ಹಾಕಿದ ಮೇಲೆ ಗೇಜ್ ಸುಳ್ಳು ಹೇಳುತ್ತದೆ. ಟ್ಯಾಂಕಿಗೆ ಅರ್ಥ್ ಸಿಗುವುದು ಅಂಚಿನ ಸ್ಕ್ರೂಗಳ ಮೂಲಕ. ಹೊಸ ಪೇಂಟ್, ಹೊಸ ಸೀಲ್ ಪಟ್ಟಿ ಬಂದಾಗ ಆ ದಾರಿ ಮುಚ್ಚುತ್ತದೆ. ಫ್ಲೋಟ್ ಯೂನಿಟ್ಟಿನ ಒಂದು ಸ್ಕ್ರೂವಿನಿಂದ ಬಾಡಿಯ ಬರಿ ಲೋಹಕ್ಕೆ ಬೇರೆ ವೈರ್ ಎಳೆದರೆ ಸರಿ.

ಪೆಟ್ರೋಲ್ ತುಂಬುವುದು ಮೂರು ಹಂತದಲ್ಲಿ. ಮೊದಲು 5 ಲೀಟರ್ ಹಾಕಿ ಅರ್ಧ ಗಂಟೆ ಕಾದು ಪ್ಲಗ್, ತಳ ನೋಡಿ. ಒಣಗಿದ್ದರೆ ಬ್ಯಾಟರಿ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಪಂಪಿನ ಸದ್ದು ಕೇಳಿ. ಎಸ್‌ಯು ಪಂಪ್ ಟಕ್ ಟಕ್ ಎಂದು ಬಡಿದು, ಕಾರ್ಬುರೇಟರ್ ತುಂಬಿದೊಡನೆ ನಿಲ್ಲಬೇಕು. ನಿಲ್ಲದೆ ಜೋರಾಗಿ ಬಡಿಯುತ್ತಲೇ ಇದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಪಂಪ್ ಮುಂದಿರುವುದರಿಂದ ಈ ಪೈಪಿನಲ್ಲಿ ಒತ್ತಡವಿಲ್ಲ, ಎಳೆತ ಇದೆ. ಸಡಿಲ ಯೂನಿಯನ್ ಹನಿಯದೆಯೂ ಗಾಳಿ ಕುಡಿಯಬಲ್ಲದು. ನಿಧಾನಕ್ಕೆ, ಕೆಲವು ಸೆಕೆಂಡಿಗೊಮ್ಮೆ ಟಕ್ ಎಂದರೆ ಕಾರ್ಬುರೇಟರಿನ ಸೂಜಿ ಪೂರ್ತಿ ಮುಚ್ಚುತ್ತಿಲ್ಲ ಅಥವಾ ಪಂಪಿನ ಕವಾಟ ಹಿಂದಕ್ಕೆ ಬಿಡುತ್ತಿದೆ.

ಎರಡನೇ ದಿನ ಅರ್ಧ ಟ್ಯಾಂಕ್, ಹತ್ತು ಕಿಲೋಮೀಟರ್ ಓಡಿಸಿ ಮತ್ತೆ ನೋಡಿ. ಮೂರನೆಯದು ಪೂರ್ತಿ ತುಂಬಿಸಿ ರಾತ್ರಿಯಿಡೀ ಬಯಲಿನಲ್ಲಿ ನಿಲ್ಲಿಸುವುದು, ಕೆಳಗೆ ಒಂದು ದಿನಪತ್ರಿಕೆ ಹಾಸಿ. ಮೇಲಿನ ಪ್ಯಾಕಿಂಗ್, ಕತ್ತಿನ ರಬ್ಬರ್ ಪರೀಕ್ಷೆಯಾಗುವುದು ಆಗಲೇ. ಈ ಹಂತ ಬಿಟ್ಟರೆ ಕೆಲಸ ಮುಗಿದಿಲ್ಲ. ಆದರೆ ಪೂರ್ತಿ ಎಂದರೆ ಕತ್ತಿನವರೆಗೆ ಅಲ್ಲ. ಬಂಕಿನ ನೆಲದಡಿಯಿಂದ ಬಂದ ತಂಪು ಪೆಟ್ರೋಲ್ ಬಿಸಿಲಿನಲ್ಲಿ 20 ಡಿಗ್ರಿ ಕಾದರೆ 29 ಲೀಟರ್ ಅರ್ಧ ಲೀಟರಿಗೂ ಮೀರಿ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಮುಚ್ಚಳದಿಂದ ಹೊರಬರುತ್ತದೆ, ನೀವು ಟ್ಯಾಂಕ್ ಸೋರಿತು ಎಂದುಕೊಳ್ಳುವಿರಿ. ಮುಚ್ಚಳದ ಗಾಳಿತೂತು ತೆರೆದಿದೆಯೇ ಎಂದೂ ನೋಡಿ. ಅದು ಮುಚ್ಚಿದ್ದರೆ ಪಂಪ್ ಎಳೆದಂತೆಲ್ಲ ಟ್ಯಾಂಕಿನೊಳಗೆ ನಿರ್ವಾತವಾಗಿ ಕೆಲವು ಕಿಲೋಮೀಟರ್ ಓಡಿ ಕಾರು ನಿಲ್ಲುತ್ತದೆ, ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ.

200 ಕಿಲೋಮೀಟರ್ ಓಡಿದ ಮೇಲೆ ಪಂಪಿನ ಜಾಲರಿ ಇನ್ನೊಮ್ಮೆ ತೊಳೆದು, ಅಂಚಿನ ಸ್ಕ್ರೂಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಸೀಲ್ ಪಟ್ಟಿ ಅಷ್ಟರಲ್ಲಿ ಸ್ವಲ್ಪ ತಗ್ಗಿ ಕೂತಿರುತ್ತದೆ.

ಹಳೆಯ ಟ್ಯಾಂಕನ್ನು ಅಲ್ಲಿಯ ತನಕ ಎಸೆಯಬೇಡಿ, ಅಳತೆಗೆ ಬೇಕಾಗಬಹುದು. ಕೊನೆಗೆ ಗುಜರಿಗೆ ಕೊಡುವಾಗ ಸೋಪಿನ ಬಿಸಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಮುಚ್ಚಳ, ಪ್ಲಗ್, ಫ್ಲೋಟ್ ಯೂನಿಟ್ ಎಲ್ಲ ತೆಗೆದು ಬಾಯಿ ತೆರೆದಿಟ್ಟು ಕೊಡಿ. ತೊಳೆಯುವಾಗ ಕೈಗವಸು ಇರಲಿ, ಆ ನೀರನ್ನು ಬಾವಿಯ ಕಡೆಗೆ ಬಿಡಬೇಡಿ. 2000ದವರೆಗೆ ನಮ್ಮಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರುತ್ತಿದ್ದರು, ತಳದ ಕೆಸರಿನಲ್ಲಿ ಆ ಸೀಸ ಉಳಿದಿರಬಹುದು. ಇದು ಪೆಟ್ರೋಲ್ ಟ್ಯಾಂಕ್ ಎಂದು ಗುಜರಿಯವರಿಗೆ ಬಾಯಿಬಿಟ್ಟು ಹೇಳಿ, ಅವರು ಅದನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸುತ್ತಾರೆ.